ಒಂದು ಸಿಪಾಯಿ ಜಾಸ್ತಿ

ಬೇಸಿಗೆಯ ಒಂದು ಭಾನುವಾರ. ಬಳ್ಳಾರಿ ಬಿಸಿಲು ಗೊತ್ತಲ್ಲ, ಬೆಳಿಗ್ಗೆ ಹತ್ತಕ್ಕೇ ರಸ್ತೆ ಖಾಲಿ. ಕೌಲ್ ಬಜಾರಿನ ನಮ್ಮ ಮಾವನ ಮನೆಗೆ ಸಿರುಗುಪ್ಪದಿಂದ ಗಣಿತದ ಮೇಷ್ಟ್ರೊಬ್ಬರು ಚೆಸ್ ಆಡಲು ಬಂದಿದ್ದರು. ಮಾವ ರೈಲ್ವೆಯಲ್ಲಿದ್ದಾಗ ಟೂರ್ನಮೆಂಟ್ ಆಡಿದವರು. ಇಬ್ಬರೂ ಗಟ್ಟಿ ಆಟಗಾರರು. ನಡೆ ಬರೆದುಕೊಳ್ಳುವ ಕೆಲಸ ನನ್ನದು.

ಮೊದಲ ಎರಡು ಗಂಟೆಯಲ್ಲಿ ಹೇಳುವಂಥದ್ದೇನೂ ಇಲ್ಲ. ಮಂತ್ರಿಗಳು ಹೋದವು, ಕುದುರೆ, ಒಂಟೆ ಹೋದವು. ನಡುವೆ ಕರೆಂಟೂ ಹೋಯಿತು. ಕೊನೆಗೆ ಇಬ್ಬರಿಗೂ ಒಂದೊಂದು ಆನೆ, ಮೇಷ್ಟ್ರಿಗೆ ಮಾತ್ರ ಒಂದು ಸಿಪಾಯಿ ಜಾಸ್ತಿ. ಮಾವನ ಕಥೆ ಮುಗೀತು ಅಂತ ನಾನು ಪೆನ್ನಿಗೆ ಕ್ಯಾಪ್ ಹಾಕಿದೆ.

ಮಾವ ಆನೆಯನ್ನು ತಮ್ಮ ಕಡೆಯಿಂದ ಮೂರನೇ ಸಾಲಿಗೆ ತಂದರು. ಆಮೇಲೆ ಅದೇ ಸಾಲಿನಲ್ಲಿ ಸುಮ್ನೆ ಅತ್ತಿಂದಿತ್ತ, ಇತ್ತಿಂದತ್ತ. ಮೇಷ್ಟ್ರ ರಾಜ ಆ ಸಾಲಿಗೆ ಕಾಲಿಡುವ ಹಾಗಿಲ್ಲ. ಬೇರೆ ದಾರಿ ಕಾಣದೆ ಅವರು ಸಿಪಾಯಿಯನ್ನೇ ಅಲ್ಲಿಗೆ ನೂಕಿದರು. ಅದಕ್ಕೇ ಕಾದಿದ್ದ ಮಾವ ಆನೆಯನ್ನು ಬೋರ್ಡಿನ ಆ ತುದಿಗೆ ಓಡಿಸಿ, ಹಿಂದಿನಿಂದ ಚೆಕ್ ಮೇಲೆ ಚೆಕ್ ಕೊಟ್ಟರು. ರಾಜ ಅಡಗಬಹುದಾಗಿದ್ದ ಮನೆಯಲ್ಲಿ ಅವನದೇ ಸಿಪಾಯಿ ಕೂತಿದ್ದಾನೆ!

"ಆತೇನ್ರಿ ಸರ?"

"ಆತ್ ಬಿಡ್ರಿ."

ಕೈ ಕುಲುಕಿದರು. ಡ್ರಾ.

ನಾಲ್ಕು ಗಂಟೆ ಕೂತು ಬರೆದವನಿಗೆ ಸಿಟ್ಟು ಬರಲ್ವಾ? "ಇಷ್ಟಕ್ಕೇನಾ?" ಅಂದೆ. ಮೇಷ್ಟ್ರು ನಕ್ಕರು. ಮಾವ ಹಿಡಿದದ್ದು ಹದಿನೆಂಟನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ತೋರಿಸಿದ ದಾರಿಯಂತೆ. 2018ರಲ್ಲಿ ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕೆ ಕಾರ್ಲ್‌ಸನ್, ಕರುವಾನಾ ಆಡಿದ 12 ಕ್ಲಾಸಿಕಲ್ ಆಟಗಳೂ ಡ್ರಾ ಆಗಿದ್ದವು. ಮೊದಲನೆಯದರಲ್ಲೇ ಕಾರ್ಲ್‌ಸನ್ ಆನೆ, ಸಿಪಾಯಿ ಇಟ್ಟುಕೊಂಡು 115 ನಡೆಯವರೆಗೆ ಹೆಣಗಿದ್ದ. "ಅವನಿಗೇ ಆಗ್ಲಿಲ್ಲ, ನನ್ನದೇನು" ಅಂದರು.

ಅಷ್ಟರಲ್ಲಿ ಅತ್ತೆ ಒಗ್ಗರಣಿ, ಮಿರ್ಚಿ ತಂದರು. ಮಾವ ತಿನ್ನುತ್ತಲೇ ಕಾಯಿಗಳನ್ನು ಮತ್ತೆ ಹಾಗೇ ಜೋಡಿಸಿದರು. "ಬಾರಪ, ಸಿಪಾಯಿ ನಿನಗಾ. ಗೆಲ್ಲು ನೋಡೋಣ."

ಮೂರು ಸಲ ಆಡಿದೆ. ಮೂರು ಸಲವೂ ಡ್ರಾ. ಹಾಗಾದರೆ ಇದು ಯಾರು ಆಡಿದರೂ ಡ್ರಾನೇ ಅಲ್ವಾ ಅಂದುಕೊಂಡೆ. ಮಾವ ಮಾತಾಡದೆ ಬೋರ್ಡ್ ತಿರುಗಿಸಿದರು. ಈಗ ಉಳಿಸಿಕೊಳ್ಳುವ ಸರದಿ ನನ್ನದು. ಸಿಪಾಯಿ ಹತ್ತಿರ ಬಂದದ್ದು ಕಂಡು ಭಯವಾಯಿತು. ಆನೆಯನ್ನು ಮೂರನೇ ಸಾಲಿನಿಂದ ತೆಗೆದು ರಾಜನ ಪಕ್ಕಕ್ಕೆ ಎಳೆದುಕೊಂಡೆ.

ಮಿರ್ಚಿ ಆರುವ ಮೊದಲೇ ಸೋತಿದ್ದೆ.