ಆನ್‌ಲೈನ್ ಕಾಫಿ ಕೋರ್ಸ್: ವಿಡಿಯೋಗಿಂತ ಮೊದಲು ಪೊಟ್ಟಣ

ಕಾಫಿ ರುಚಿ ನೋಡುವುದನ್ನು ಆನ್‌ಲೈನ್‌ನಲ್ಲಿ ಕಲಿಸಲು ಹೊರಟವರು ಮೊದಲು ಕ್ಯಾಮೆರಾ, ಲೈಟು ಹುಡುಕುತ್ತಾರೆ. ಮೊದಲು ಸಿದ್ಧವಾಗಬೇಕಾದದ್ದು ಅಂಚೆಯಲ್ಲಿ ಹೋಗುವ ಪೊಟ್ಟಣ. ಮಾಟುಂಗಾದವರೂ ಪುಣೆಯ ವಾಕಡ್‌ನವರೂ ಒಂದೇ ಹೊತ್ತಿಗೆ ಒಂದೇ ಕಾಫಿ ಬಾಯಿಗೆ ಹಾಕದಿದ್ದರೆ ಪಾಠ ಬರೀ ಮಾತಾಗುತ್ತದೆ.

ನಾಲ್ಕು ಮಾದರಿ ಸಾಕು: ಪ್ಲಾಂಟೇಶನ್ ಎ (ತೊಳೆದು ಸಂಸ್ಕರಿಸಿದ ಅರೇಬಿಕಾ), ಅರೇಬಿಕಾ ಚೆರ್ರಿ (ಹಣ್ಣಿನ ಸಮೇತ ಒಣಗಿಸಿದ್ದು), ರೊಬಸ್ಟಾ ಪಾರ್ಚ್‌ಮೆಂಟ್ (ತೊಳೆದು ಸಂಸ್ಕರಿಸಿದ ರೊಬಸ್ಟಾ), ಮಾನ್ಸೂನ್ಡ್ ಮಲಬಾರ್ (ಮಳೆಗಾಲದ ತೇವದ ಗಾಳಿಗೆ ಒಡ್ಡಿದ್ದು). ಎಲ್ಲವನ್ನೂ ಒಂದೇ ಹದಕ್ಕೆ, ಮಧ್ಯಮವಾಗಿ ಹುರಿದಿರಬೇಕು. ಕಪ್ಪಗೆ ಹುರಿದರೆ ವ್ಯತ್ಯಾಸವೆಲ್ಲ ಸುಟ್ಟುಹೋಗುತ್ತದೆ. ಒಂದೊಂದು ಲೋಟಕ್ಕೆ ಬೇಕಾದಷ್ಟನ್ನೇ ಬೇರೆಬೇರೆ ಸ್ಯಾಶೆಗಳಲ್ಲಿ ಸೀಲ್ ಮಾಡಿ. ಮುಂಬೈ ಮಳೆಗಾಲದಲ್ಲಿ ತೆರೆದಿಟ್ಟ ಪುಡಿ ಬೇಗ ಗಂಟುಕಟ್ಟುತ್ತದೆ. ಸ್ಯಾಶೆ ಮೇಲೆ ಹೆಸರು ಬೇಡ, ಸಂಖ್ಯೆ ಸಾಕು. ಹೆಸರು ಓದಿದ ಮೇಲೆ ನಾಲಿಗೆ ಅದನ್ನೇ ಹೇಳುತ್ತದೆ.

ನೀರಿನದು ದೊಡ್ಡ ತಕರಾರು. ಮುಂಬೈಯ ಕೆರೆ ನೀರು ಮೃದು. ಪುಣೆಯ ಹೊಸ ಬಡಾವಣೆಗಳ ಬೋರ್‌ವೆಲ್, ಟ್ಯಾಂಕರ್ ನೀರು ಗಡಸು. ಗಡಸು ನೀರಿನ ಕ್ಷಾರೀಯತೆ ಕಾಫಿಯ ಹುಳಿಯನ್ನು ನುಂಗಿಹಾಕುತ್ತದೆ, ಒಳ್ಳೆಯ ಪ್ಲಾಂಟೇಶನ್ ಎ ಕೂಡ ಸಪ್ಪೆ. ಹೆಚ್ಚು ಸೋಸಿದ ಆರ್‌ಓ ನೀರಿನಲ್ಲಿ ಅದೇ ಕಾಫಿ ತೆಳುವಾಗಿ, ಚುರುಕು ಹುಳಿಯಾಗಿ ಬರುತ್ತದೆ. ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ) ಇಟ್ಟುಕೊಂಡು ಎರಡನ್ನೂ ಬೆರೆಸಿ 150 ಪಿಪಿಎಂ ಆಸುಪಾಸಿಗೆ ತರಲು ಹೇಳಿ. ಇಲ್ಲವೇ ರುಚಿ ತರಗತಿಗೆ ಎಲ್ಲರೂ ಒಂದೇ ಬ್ರ್ಯಾಂಡಿನ ಬಾಟಲಿ ನೀರು ಕೊಳ್ಳಲಿ.

ಕಪಿಂಗ್‌ನ, ಅಂದರೆ ಪುಡಿಯನ್ನು ಲೋಟದಲ್ಲೇ ನೆನೆಸಿ ರುಚಿ ನೋಡುವ ಕ್ರಮದ, ಅಳತೆ 150 ಮಿ.ಲೀ.ಗೆ 8.25 ಗ್ರಾಂ, ಅಂದರೆ 200 ಮಿ.ಲೀ. ಗಾಜಿನ ಲೋಟಕ್ಕೆ 11 ಗ್ರಾಂ. ಒಣ ಪುಡಿ ಮೂಸಿ, 93 ಡಿಗ್ರಿ ನೀರು ಸುರಿದು 4 ನಿಮಿಷ ಮುಟ್ಟದೆ ಬಿಡಿ. ಮೇಲೆ ಕಟ್ಟಿದ ಪದರವನ್ನು ಮೂಗು ಹತ್ತಿರವಿಟ್ಟು ಚಮಚದ ಬೆನ್ನಿನಿಂದ ಒಡೆಯಿರಿ, ನೊರೆ ತೆಗೆಯಿರಿ. ಹತ್ತನೇ ನಿಮಿಷದ ಹೊತ್ತಿಗೆ ಸೊರ್ರೆಂದು ಹೀರಿ. ಉಗುರುಬೆಚ್ಚಗಾದಾಗ ಮತ್ತೊಮ್ಮೆ ಹೀರಿ: ಬೂಸಲು, ಮಣ್ಣುವಾಸನೆಯಂಥ ದೋಷಗಳು ಬಿಸಿಯಲ್ಲಿ ಅಡಗಿದ್ದು ಆಗ ಹೊರಬರುತ್ತವೆ.

ಹೊಸಬರಿಗೆ ವೃತ್ತಿಪರರು ಕಾಫಿಗೆ ಅಂಕ ಹಾಕುವ 100 ಅಂಕದ ಫಾರ್ಮ್ ಕೊಡುವುದು ದಂಡ. ಮೂರು ಲೋಟ, ಎರಡು ಒಂದೇ, ಒಂದು ಬೇರೆ: ಅದನ್ನು ಗುರುತಿಸಲಿ. ಬೇರೆಯಾದ ಲೋಟದ ತಳದಲ್ಲಿ ಚುಕ್ಕೆ ಹಚ್ಚಿ, ಮನೆಯವರಿಂದ ಅದಲುಬದಲು ಮಾಡಿಸಬೇಕು. 6 ಸುತ್ತಿನಲ್ಲಿ 5 ಸರಿಯಾದರೆ ಅದು ಬರೀ ಊಹೆಯಲ್ಲ ಎನ್ನಬಹುದು.

ನಮ್ಮವರಿಗೆ ನಿಜವಾಗಿ ಬೇಕಿರುವುದು ಡಿಕಾಕ್ಷನ್. ಇಲ್ಲಿ ಕಣ್ಣು ಮೋಸ ಮಾಡುತ್ತದೆ: ಚಿಕೋರಿ ಕಾಫಿಗಿಂತ ಸುಲಭವಾಗಿ ಕರಗುವುದರಿಂದ, ಕಾಫಿ ಸರಿಯಾಗಿ ಇಳಿಯದಿದ್ದರೂ ಬಣ್ಣ ಕಡುಗಪ್ಪಾಗಿಯೇ ಇರುತ್ತದೆ. ಮಿಶ್ರಣದಲ್ಲಿ ಕನಿಷ್ಠ 51% ಕಾಫಿ ಇರಬೇಕೆಂಬುದು ನಿಯಮ. ಪಾಠಕ್ಕೆ 80:20 ಚೆನ್ನ. ಫಿಲ್ಟರಿನ ಮೇಲಿನ ಪಾತ್ರೆಯಲ್ಲಿ 20 ಗ್ರಾಂ ಪುಡಿ ಸಮ ಮಾಡಿ, ಹಗುರವಾಗಿ ಅದುಮಿ, ಛತ್ರಿ (ಹಿಡಿಯಿರುವ ತೂತಿನ ತಟ್ಟೆ) ಇಟ್ಟು, 30 ಮಿ.ಲೀ. ಬಿಸಿನೀರಿನಲ್ಲಿ ಅರ್ಧ ನಿಮಿಷ ನೆನೆಸಿ, ಆಮೇಲೆ 120 ಮಿ.ಲೀ. ಸುರಿಯಿರಿ. ಪುಡಿ ತನ್ನ ತೂಕದ ಎರಡರಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ 110 ಮಿ.ಲೀ. ಸಿಕ್ಕರೆ ಲೆಕ್ಕ ಸರಿ. ಇಳಿಯಲು 15–20 ನಿಮಿಷ. ಐದೇ ನಿಮಿಷಕ್ಕೆ ಇಳಿದರೆ ಪುಡಿ ದಪ್ಪ ಅಥವಾ ಅದುಮಿದ್ದು ಸಾಲದು. ಇಳಿಯದೇ ನಿಂತರೆ ಮೇಲಿನ ಪಾತ್ರೆಯನ್ನು ಸ್ವಲ್ಪ ಎತ್ತಿ ನೋಡಿ. ಕೆಳಗಿನ ಗಾಳಿಗೆ ದಾರಿಯಿಲ್ಲದೆ ಎಷ್ಟೋ ಸಲ ಹೀಗಾಗುತ್ತದೆ. ಆಗಲೂ ಇಳಿಯದಿದ್ದರೆ ರಂಧ್ರಗಳನ್ನು ದೀಪಕ್ಕೆ ಹಿಡಿದು ನೋಡಬೇಕು.

ಹಾಲಿಗೆ ಮೊದಲು 10 ಮಿ.ಲೀ. ಡಿಕಾಕ್ಷನ್‌ಗೆ 40 ಮಿ.ಲೀ. ಬಿಸಿನೀರು ಬೆರೆಸಿ ರುಚಿ ನೋಡಿಸಿ. ಮುಂಬೈಯ ಎಮ್ಮೆಹಾಲಿನ ಕೊಬ್ಬು ಹುಳಿಯನ್ನೂ ಕಹಿಯನ್ನೂ ಮುಚ್ಚುತ್ತದೆ. ಆಕಳ ಹಾಲಿಗೆ ಹೊಂದುವ ಪ್ರಮಾಣ ಅಲ್ಲಿ ನೀರಾಗಿ ಕಾಣುತ್ತದೆ. ಆದ್ದರಿಂದ ಯಾವ ಹಾಲು ಎಂಬುದನ್ನೂ ಪಾಕವಿಧಾನದಲ್ಲಿ ಬರೆಯಿರಿ. ಉಡುಪಿ ಹೋಟೆಲಿನವರೂ ಸೇರುವುದಾದರೆ ತರಗತಿ ಮಧ್ಯಾಹ್ನ ಮೂರೂವರೆಗಿರಲಿ: ಊಟದ ಗಲಾಟೆ ಮುಗಿದಿರುತ್ತದೆ, ಸಂಜೆ ತಿಂಡಿ ಶುರುವಾಗಿರುವುದಿಲ್ಲ.