ಓಟಿಪಿ ಹೋಗಿದ್ದು ನ್ಯೂಜೆರ್ಸಿಗೆ

ನವೆಂಬರ್ ಬಂತೆಂದರೆ ಜಯನಗರ, ಮಲ್ಲೇಶ್ವರದ ಕಡೆ ಬ್ಯಾಂಕಿನ ಬೆಂಚುಗಳು ಬಾಗಿಲು ತೆರೆದ ಹೊತ್ತಿಗೇ ಭರ್ತಿ. ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆ ಎಂದು ತೋರಿಸಿಕೊಳ್ಳುವ ತಿಂಗಳು. ಕೇಂದ್ರ ಸರ್ಕಾರದ ಪಿಂಚಣಿಯಾದರೆ 30ರೊಳಗೆ ಜೀವಿತ ಪ್ರಮಾಣಪತ್ರ ಕೊಡಬೇಕು, ಇಲ್ಲದಿದ್ದರೆ ಡಿಸೆಂಬರಿನಿಂದ ಹಣ ನಿಲ್ಲುತ್ತದೆ. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು; ನೂಕುನುಗ್ಗಲಿಲ್ಲ.

ಎರಡನೇ ವಾರದ ಒಂದು ಬೆಳಿಗ್ಗೆ, ಗಂಡ ತೀರಿದ ಮೇಲೆ ಬರುವ ಕುಟುಂಬ ಪಿಂಚಣಿಯ ಅಜ್ಜಿಯೊಬ್ಬರ ಕೆಲಸ ಮೊದಲ ಹೆಜ್ಜೆಯಲ್ಲೇ ನಿಂತಿತು. ಪಾಸ್‌ಬುಕ್ಕಿನಲ್ಲಿದ್ದ ಮೊಬೈಲ್ ನಂಬರ್ ಮಗನದು. ಆ ಸಿಮ್ಮು ಅವನ ಜೊತೆ ನ್ಯೂಜೆರ್ಸಿಯಲ್ಲಿದೆ. ಇಲ್ಲಿ ಹನ್ನೊಂದು, ಅಲ್ಲಿ ನಡುರಾತ್ರಿ ಹನ್ನೆರಡೂವರೆ. “ಮಲಗಿರ್ತಾನೆ, ಎಬ್ಬಿಸ್ಬೇಡಿ” ಅಂತ ಅಜ್ಜಿ ಫೋನು ಮಾಡಲು ಬಿಡಲಿಲ್ಲ. ಆದರೆ ಜೀವನ್ ಪ್ರಮಾಣ್‌ಗೆ, ಅಂದರೆ ಆಧಾರ್ ಮೂಲಕ ಕೊಡುವ ಡಿಜಿಟಲ್ ಜೀವಿತ ಪ್ರಮಾಣಪತ್ರಕ್ಕೆ, ಕೈಯಲ್ಲಿರುವ ಫೋನಿನ ನಂಬರೇ ಸಾಕು. ಅವರದೇ ಬಟನ್ ಫೋನಿಗೆ ಓಟಿಪಿ ಬಂತು. ಮುಂದೆ ಆಧಾರ್, ಪಿಪಿಓ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಖಾತೆ ಸಂಖ್ಯೆ. ಆಮೇಲೆ ಮರುಮದುವೆ ಆಗಿದ್ದೀರಾ ಎಂಬ ಪ್ರಶ್ನೆ. ಬೆಂಚಿನವರೆಲ್ಲ ನಕ್ಕರು, ಎಲ್ಲರಿಗಿಂತ ಜೋರಾಗಿ ಅಜ್ಜಿ.

ಕೊನೆಗೆ ಬೆರಳಚ್ಚು. ವಯಸ್ಸಾದಂತೆ ಬೆರಳ ತುದಿಯ ಗೆರೆ ಸವೆಯುತ್ತದೆ, ಚರ್ಮ ಒಣಗುತ್ತದೆ, ಯಂತ್ರ ಒಪ್ಪುವುದಿಲ್ಲ. ಕೈ ತೊಳೆದು ಒರೆಸಿ, ಹೆಬ್ಬೆರಳು ಬಿಟ್ಟು ಬೇರೆ ಬೆರಳು ಒತ್ತಿಸಿದರೆ ಎಷ್ಟೋ ಸಲ ಹಿಡಿಯುತ್ತದೆ. ಅವತ್ತು ಹಿಡಿಯಿತು.

ಗ್ಯಾಸು, ಬ್ಯಾಂಕು, ಆಸ್ಪತ್ರೆ ಎಲ್ಲ ಕಡೆ ಮಕ್ಕಳು ತಮ್ಮ ನಂಬರ್ ಬರೆಸುವುದು ಅಕ್ಕರೆಯಿಂದಲೇ. ಆದರೆ ಹಾಗೆ ಮಾಡಿದಾಗ ಅಮ್ಮನ ಮನೆಯ ಸಣ್ಣ ಕೆಲಸವೂ ಬೇರೆ ದೇಶದ ಗಡಿಯಾರಕ್ಕೆ ಕಾಯುತ್ತದೆ. ಮೊದಲು ಅವರದೇ ನಂಬರ್ ಇರಲಿ. ತುರ್ತಿಗೆ ಹತ್ತು ನಿಮಿಷದಲ್ಲಿ ಬಂದು ಬಾಗಿಲು ತಟ್ಟಬಲ್ಲ ನೆರೆಯವರದು, ಅವರನ್ನು ಕೇಳಿಯೇ. ಮಗನದು ಆಮೇಲೆ.

ಇದೆಲ್ಲ ಮನೆಯಲ್ಲೂ ಆಗುತ್ತದೆ. ಸ್ಮಾರ್ಟ್‌ಫೋನಿಗೆ ಆಧಾರ್ ಫೇಸ್ ಆರ್‌ಡಿ, ಜೀವನ್ ಪ್ರಮಾಣ್ ಎರಡೂ ಆ್ಯಪ್ ಹಾಕಿಕೊಳ್ಳಬೇಕು. ಬೆರಳಚ್ಚಿನ ಬದಲು ಇಲ್ಲಿ ಕ್ಯಾಮೆರಾಗೆ ಮುಖ ತೋರಿಸಬೇಕು: ಮೊದಲು ಸಹಾಯಕ್ಕೆ ಕೂತವರ ಮುಖ, ಆಮೇಲೆ ಪಿಂಚಣಿದಾರರದು. ಕಿಟಕಿಗೆ ಮುಖ ಮಾಡಿ ಕೂರಿಸಿ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಲು ಹೇಳಿ. ಪ್ರಮಾಣಪತ್ರದ ಸಂಖ್ಯೆ, ಅಂದರೆ ಪ್ರಮಾಣ್ ಐಡಿ, ಎಸ್ಸೆಮ್ಮೆಸ್ಸಿನಲ್ಲಿ ಬಂದರೆ ಮುಗಿಯಲಿಲ್ಲ; ಪಿಂಚಣಿ ಕೊಡುವ ಬ್ಯಾಂಕು ಅದನ್ನು ಸ್ವೀಕರಿಸಿದೆಯೇ ಎಂದು ಕೆಲವು ದಿನ ಬಿಟ್ಟು ನೋಡಬೇಕು.

ಹಾಸಿಗೆ ಹಿಡಿದವರಿಗೆ ಇದು ದೊಡ್ಡ ಉಪಕಾರ. ನಡೆಯಬಲ್ಲವರನ್ನು ಮಾತ್ರ ಬ್ಯಾಂಕಿಗೇ ಕರೆದೊಯ್ಯುವುದು ಮೇಲು. ಹಳೆಯ ಆಫೀಸಿನವರು ಯಾರಿದ್ದಾರೆ, ಯಾರಿಲ್ಲ ಎಂದು ಅವರಿಗೆ ತಿಳಿಯುವುದು ಆ ಬೆಂಚಿನಲ್ಲೇ. ಕೆಲಸ ಆದ ತಕ್ಷಣ ಆಟೋ ಬುಕ್ ಮಾಡಬೇಡಿ.