ಅತ್ತಿಗೆಯ ಲ್ಯಾಪ್‌ಟಾಪ್: ಮಳೆಗಾಲದ ಒಂದು ವಾರದ ರಿಪೇರಿ

ಶನಿವಾರ ರಾತ್ರಿ

ಅತ್ತಿಗೆಯ ಲ್ಯಾಪ್‌ಟಾಪ್ ಇವತ್ತು ನನ್ನ ಮೇಜಿಗೆ ಬಂತು. ಬಟನ್ ಒತ್ತಿದರೆ ಏನೂ ಇಲ್ಲ. ಲೈಟಿಲ್ಲ, ಫ್ಯಾನಿನ ಸದ್ದಿಲ್ಲ. "ಎಂತಾಯ್ತು ನೋಡು ಮಾರಾಯ, ಮುಂದಿನ ಭಾನುವಾರ ಸಂಘದ ಮೀಟಿಂಗು" ಅಂದರು. ಅವರ ಸ್ವಸಹಾಯ ಸಂಘದ ಹದಿನಾಲ್ಕು ಜನರ ಉಳಿತಾಯ, ಸಾಲ, ಕಂತು ಎಲ್ಲ ಇದರೊಳಗಿದೆ. ಪುಸ್ತಕದಲ್ಲಿ ಬರೆದದ್ದು ಮಾರ್ಚ್‌ವರೆಗೆ ಮಾತ್ರ.

ತೀರ್ಥಹಳ್ಳಿ ಕಡೆ ಜುಲೈ ತಿಂಗಳು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಆಗುಂಬೆ ನಮ್ಮದೇ ತಾಲ್ಲೂಕು. ಅಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ನಮ್ಮ ಊರಲ್ಲಿ ಅಷ್ಟಿಲ್ಲ, ಆದರೂ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ. ಈ ಲ್ಯಾಪ್‌ಟಾಪ್ ಇದ್ದದ್ದು ಕಿಟಕಿ ಪಕ್ಕದ ಗೂಡಿನಲ್ಲಿ. ಹಾಗಾಗಿ ತೇವದ ಮೇಲೆ ಮೊದಲೇ ಅನುಮಾನ ಇತ್ತು.

ಬೇರೆ ಪ್ಲಗ್ಗಿಗೆ ಹಾಕಿ ನೋಡಿದೆ. ಚಾರ್ಜರ್ ಕಿತ್ತು ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿದೆ. ಏನೂ ಆಗಲಿಲ್ಲ. ಆಮೇಲೆ ಚಾರ್ಜರಿನ ಪುಟ್ಟ ಲೈಟನ್ನು ಗಮನಿಸಿದೆ. ಗೋಡೆಗೆ ಹಾಕಿದಾಗ ಲೈಟು ಚೆನ್ನಾಗಿ ಉರಿಯುತ್ತದೆ. ಪಿನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಕೂಡಲೇ ಆರುತ್ತದೆ. ಪ್ಲಗ್ ಕಿತ್ತು ಅರ್ಧ ನಿಮಿಷ ಬಿಟ್ಟು ಹಾಕಿದರೆ ಮತ್ತೆ ಉರಿಯುತ್ತದೆ. ಇಷ್ಟು ಸಾಕು. ಚಾರ್ಜರ್ ಸತ್ತಿಲ್ಲ. ಲ್ಯಾಪ್‌ಟಾಪ್ ಒಳಗೆ ಎಲ್ಲೋ ಶಾರ್ಟ್ ಆಗಿದೆ, ಚಾರ್ಜರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಮೀಟರ್ ಇಟ್ಟು ನೋಡಿದೆ, 19.4 ವೋಲ್ಟ್. ಚಾರ್ಜರ್ ಮೇಲೆ ಬರೆದಿರುವುದು 19.5 ವೋಲ್ಟ್, 3.34 ಆಂಪ್. ಸರಿಯಾಗೇ ಇದೆ. ಹೊಸ ಚಾರ್ಜರ್ ತಂದಿದ್ದರೆ ದುಡ್ಡು ಸುಮ್ನೆ ಹೋಗುತ್ತಿತ್ತು.

ಭಾನುವಾರ

ಬಿಚ್ಚಿದೆ. ಹತ್ತು ಸ್ಕ್ರೂ, ಅದರಲ್ಲಿ ಮೂರು ಗಿಡ್ಡ. ಹಾಳೆಯ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು ಆಯಾ ಜಾಗದಲ್ಲಿ ಸ್ಕ್ರೂ ಚುಚ್ಚಿಟ್ಟೆ. ಗಿಡ್ಡದ ಜಾಗಕ್ಕೆ ಉದ್ದದ್ದು ಹಾಕಿದರೆ ಬೋರ್ಡಿಗೇ ತೂತು ಬೀಳಬಹುದು.

ಮೊದಲು ಬ್ಯಾಟರಿ ಕನೆಕ್ಟರ್ ಕಿತ್ತೆ. ಎರಡನೆಯದಾಗಿ ಎಸ್‌ಎಸ್‌ಡಿ, ಅಂದರೆ ಫೈಲುಗಳೆಲ್ಲ ಇರುವ ಡಿಸ್ಕು, ತೆಗೆದು, ಯುಎಸ್‌ಬಿ ಡಬ್ಬಿಗೆ ಹಾಕಿ ನನ್ನ ಕಂಪ್ಯೂಟರಿಗೆ ಜೋಡಿಸಿದೆ. ಸಂಘದ ಫೈಲುಗಳೆಲ್ಲ ಸುರಕ್ಷಿತ. ಪೆನ್‌ಡ್ರೈವಿಗೆ ಹಾಕಿ ಅತ್ತಿಗೆಗೆ ಕೊಟ್ಟೆ. ಅವರ ಮುಖ ನೋಡಿದ ಮೇಲೆ ನನಗೂ ಮನಸ್ಸು ಹಗುರಾಯಿತು. ಇನ್ನು ನಿಧಾನಕ್ಕೆ ಕೆಲಸ ಮಾಡಬಹುದು. ಡಿಸ್ಕಿಗೆ ವಿಂಡೋಸಿನ ಬಿಟ್‌ಲಾಕರ್ ಬೀಗ ಇದ್ದಿದ್ದರೆ ರಿಕವರಿ ಕೀ ಹುಡುಕಬೇಕಾಗುತ್ತಿತ್ತು. ಇರಲಿಲ್ಲ.

ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಚಾರ್ಜಿಂಗ್ ದಾರಿ ಹಾಳಾಗಿದ್ದರೂ ಬ್ಯಾಟರಿಯಲ್ಲಿ ಆನ್ ಆಗಬೇಕಲ್ವಾ? ಬ್ಯಾಟರಿ ಅಳೆದೆ. 8.9 ವೋಲ್ಟ್. ಮೂರು ಸೆಲ್ಲಿನ ಬ್ಯಾಟರಿ ಇದು, ಸೆಲ್ಲಿಗೆ 3 ವೋಲ್ಟ್ ಕೂಡ ಇಲ್ಲ. ಪೂರ್ತಿ ಖಾಲಿ. ಅತ್ತಿಗೆಯನ್ನು ಕೇಳಿದೆ. "ಗುರುವಾರ ಆನ್ ಇತ್ತು. ಚಾರ್ಜಿಗೆ ಹಾಕಿದ್ದೆ, ಆದ್ರೂ ಕೆಂಪು ತೋರಿಸ್ತಿತ್ತು" ಅಂದರು. ಅಲ್ಲಿಗೆ ಕಥೆ ಕೂಡಿ ಬಂತು. ಚಾರ್ಜ್ ಆಗುವುದು ಗುರುವಾರವೇ ನಿಂತಿದೆ. ಉಳಿದ ಬ್ಯಾಟರಿ ತೀರುವವರೆಗೆ ಓಡಿ ಮಲಗಿದೆ.

ಇದರಲ್ಲಿ ಚಾರ್ಜರ್ ಸಿಕ್ಕಿಸುವ ಜಾಕ್ ಬೋರ್ಡಿಗೆ ಅಂಟಿಲ್ಲ, ಗಿಡ್ಡ ವೈರಿನಲ್ಲಿ ಬರುತ್ತದೆ. ಆ ವೈರನ್ನು ಬೋರ್ಡಿನಿಂದ ಕಿತ್ತು ಚಾರ್ಜರ್ ಹಾಕಿದೆ. ಲೈಟು ಉರಿಯುತ್ತಲೇ ಇತ್ತು. ಜಾಕ್ ಸರಿಯಿದೆ, ತೊಂದರೆ ಬೋರ್ಡಿನಲ್ಲೇ ಇದೆ.

ಕನೆಕ್ಟರ್ ಪಕ್ಕದಲ್ಲಿ ಹಸಿರು ಬಿಳಿ ಕಿಲುಬು ಕಾಣಿಸಿತು. ಅಲ್ಲೇ ನಾಲ್ಕು ಸೆರಾಮಿಕ್ ಕೆಪಾಸಿಟರ್ (ಚಾರ್ಜನ್ನು ಸ್ವಲ್ಪ ಹೊತ್ತು ಹಿಡಿದಿಡುವ ಪುಟ್ಟ ಬಿಡಿಭಾಗ) ಸಾಲಾಗಿ ಕೂತಿವೆ. 19 ವೋಲ್ಟ್ ಲೈನಿಗೂ ಗ್ರೌಂಡಿಗೂ ನಡುವೆ ಇರುವಂಥವು. ಮೀಟರ್ 0.6 ಓಮ್ ತೋರಿಸಿತು. ಎರಡು ಪ್ರೋಬ್ ತಾಗಿಸಿದಾಗಲೇ 0.3 ಇತ್ತು, ಅದನ್ನು ಕಳೆಯಬೇಕು. ಅಂದರೆ ನಿಜವಾದದ್ದು ಸುಮಾರು 0.3 ಓಮ್. ಗಟ್ಟಿ ಶಾರ್ಟ್. ಆದರೆ ನಾಲ್ಕೂ ಒಂದೇ ಲೈನಿನಲ್ಲಿರುವುದರಿಂದ ಎಲ್ಲಿ ಇಟ್ಟರೂ ಅದೇ ಅಂಕೆ. ತಪ್ಪಿತಸ್ಥ ಯಾವುದು ಅಂತ ಮೀಟರ್ ಹೇಳುವುದಿಲ್ಲ.

ಸಂಜೆ ಪಕ್ಕದ ಮನೆಯ ಅಜ್ಜ ಬಂದವರು ಬೋರ್ಡನ್ನು ಬಚ್ಚಲೊಲೆ ಹತ್ತಿರ ಇಡಲು ಹೇಳಿದರು. ಮಳೆಗಾಲದಲ್ಲಿ ನಮ್ಮ ಬಟ್ಟೆ ಒಣಗುವುದೇ ಅಲ್ಲಿ, ಅವರು ಹೇಳಿದ್ದು ಕಾಳಜಿಯಿಂದಲೇ. ಆದರೆ ಹೊಗೆ, ಮಸಿ ಬೋರ್ಡಿಗೆ ಆಗುವುದಿಲ್ಲ. ಅಕ್ಕಿ ಡಬ್ಬಿಯೂ ಬೇಡ, ಅಕ್ಕಿಯ ಹಿಟ್ಟು ಸಂದಿಗಳಲ್ಲಿ ಕೂರುತ್ತದೆ. ಮರದ ಪೆಟ್ಟಿಗೆಯಲ್ಲಿ 15 ವ್ಯಾಟ್ ಬಲ್ಬು ಹಾಕಿ, ಗಡಿಯಾರದ ಕಾಯಿನ್ ಸೆಲ್ಲನ್ನೂ ತೆಗೆದು, ಬೋರ್ಡನ್ನು ಬಲ್ಬಿನಿಂದ ಒಂದು ಗೇಣು ದೂರ ಇಟ್ಟೆ.

ಮಂಗಳವಾರ

ಶಿವಮೊಗ್ಗಕ್ಕೆ ಹೋಗಿ ಬಂದೆ. ಮಂಡಗದ್ದೆ ಹತ್ತಿರ ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಬಸ್ಸಿನಲ್ಲಿದ್ದವರೆಲ್ಲ ಒಂದೇ ಕಿಟಕಿಗೆ ಬಂದರು. ತಂದದ್ದು ಮೂರೇ ಸಾಮಾನು: ಐಸೊಪ್ರೊಪೈಲ್ ಆಲ್ಕೋಹಾಲ್, ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್, ಮತ್ತು ವೋಲ್ಟೇಜು ಕರೆಂಟು ಎರಡನ್ನೂ ಮಿತಿಗೊಳಿಸಬಹುದಾದ ಒಂದು ಎಲ್‌ಎಂ2596 ಮಾಡ್ಯೂಲ್. ಗುಜರಿ ಅಂಗಡಿಯಲ್ಲಿ ಒಂದು ಸತ್ತ ಲ್ಯಾಪ್‌ಟಾಪ್ ಬೋರ್ಡೂ ಸಿಕ್ಕಿತು.

ಬುಧವಾರ ರಾತ್ರಿ

ಇವತ್ತಿನದು ಬಹಳ ಖುಷಿ ಕೊಟ್ಟ ಕೆಲಸ.

ಶಾರ್ಟ್ ಆದ ಭಾಗಕ್ಕೆ ಕಡಿಮೆ ವೋಲ್ಟೇಜಿನಲ್ಲಿ ಕರೆಂಟ್ ಕೊಟ್ಟರೆ ಅದೇ ಬಿಸಿಯಾಗುತ್ತದೆ. ಬಿಸಿಯಾದ ಜಾಗದಲ್ಲಿ ಆಲ್ಕೋಹಾಲ್ ಮೊದಲು ಆರುತ್ತದೆ. ಇದೇ ಉಪಾಯ. ನನ್ನ ಹತ್ತಿರ ಬೆಂಚ್ ಪವರ್ ಸಪ್ಲೈ ಇಲ್ಲ. ಮನೆಯ ಇನ್ವರ್ಟರಿನ 12 ವೋಲ್ಟ್ ಬ್ಯಾಟರಿಯಿಂದ ಮಾಡ್ಯೂಲಿಗೆ ವೈರ್ ಎಳೆದೆ, ನಡುವೆ 5 ಆಂಪ್ ಫ್ಯೂಸ್ ಹಾಕಿದೆ. ಆ ಫ್ಯೂಸ್ ಬಿಡಲೇಬಾರದು. ಇನ್ವರ್ಟರ್ ಬ್ಯಾಟರಿ ಶಾರ್ಟ್ ಆದರೆ ವೈರೇ ಕಾದು ಕೆಂಪಾಗುತ್ತದೆ. ಔಟ್‌ಪುಟ್ಟನ್ನು 1.25 ವೋಲ್ಟಿಗೆ ಇಳಿಸಿದೆ. ಮೀಟರನ್ನು 10 ಆಂಪ್ ತೂತಿಗೆ ಬದಲಿಸಿ, ಔಟ್‌ಪುಟ್ಟಿಗೆ ನೇರ ಹಿಡಿದು, ಕರೆಂಟನ್ನು 2 ಆಂಪಿಗೆ ನಿಲ್ಲಿಸಿದೆ. 19 ವೋಲ್ಟ್ ಬರುವ ಲೈನಿಗೆ ಒಂದೂಕಾಲು ವೋಲ್ಟ್ ಹೋದರೆ ಉಳಿದ ಚಿಪ್ಪುಗಳಿಗೆ ಏನೂ ಆಗುವುದಿಲ್ಲ.

ನೆಗೆಟಿವ್ ವೈರ್ ಸ್ಕ್ರೂ ತೂತಿನ ತಾಮ್ರಕ್ಕೆ, ಪಾಸಿಟಿವ್ ಕೆಪಾಸಿಟರ್ ಸಾಲಿಗೆ. ಬ್ರಷ್ಷಿನಲ್ಲಿ ಆಲ್ಕೋಹಾಲ್ ಸವರಿ ಟಾರ್ಚ್ ಹಿಡಿದು ಕಾದೆ. 0.3 ಓಮಿನಲ್ಲಿ 2 ಆಂಪ್ ಅಂದರೆ 1.2 ವ್ಯಾಟ್. ಕೇಳಲು ಕಡಿಮೆ, ಆದರೆ ಅಕ್ಕಿಕಾಳಿನಷ್ಟು ವಸ್ತುವಿಗೆ ಅದು ಜಾಸ್ತಿಯೇ. ನಾಲ್ಕೈದು ಸೆಕೆಂಡಿನಲ್ಲಿ ಮೂರನೆಯ ಕೆಪಾಸಿಟರ್ ಸುತ್ತ ತೇವ ಆರಿ ಒಂದು ಒಣ ಉಂಗುರ ಮೂಡಿತು. ಉಳಿದ ಮೂರೂ ಇನ್ನೂ ಒದ್ದೆಯಾಗಿ ಹೊಳೆಯುತ್ತಿದ್ದವು. ಮತ್ತೆ ಸವರಿದೆ, ಮತ್ತೆ ಅಲ್ಲೇ ಆರಿತು. ಮೂರನೇ ಸಲ ಅತ್ತಿಗೆಯನ್ನು ಕರೆದು ತೋರಿಸಿದೆ. ಕೈಯಲ್ಲಿದ್ದ ಕಷಾಯದ ಲೋಟ ದೂರ ಇಟ್ಟು ಬಗ್ಗಿ ನೋಡಿ, "ಓ, ಇಷ್ಟು ಸಣ್ಣದಾ!" ಅಂದರು.

ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೈಮೇಲೆ ಕೂದಲಿನಷ್ಟು ಬಿರುಕು. ಸೆರಾಮಿಕ್ ಬಾಗುವುದಿಲ್ಲ, ಒಡೆಯುತ್ತದೆ. ಲ್ಯಾಪ್‌ಟಾಪನ್ನು ಒಂದೇ ಮೂಲೆ ಹಿಡಿದು ಎತ್ತಿದರೆ ಬೋರ್ಡ್ ಸ್ವಲ್ಪ ಬಾಗುತ್ತದೆ, ಈ ಕೆಪಾಸಿಟರ್ ಇರುವುದೂ ಆ ಮೂಲೆಯಲ್ಲೇ. ಬಿರುಕು ಹಳೆಯದಿರಬೇಕು, ಈ ಮಳೆಯ ತೇವ ಅದರೊಳಗೆ ಇಳಿದಿರಬೇಕು ಅಂತ ನನ್ನ ಊಹೆ. ತೇವ ಮತ್ತು ವೋಲ್ಟೇಜ್ ಸೇರಿದರೆ ಬಿರುಕಿನಲ್ಲಿ ಲೋಹ ಬೆಳೆದು ಎರಡು ಕಡೆಯನ್ನೂ ಕೂಡಿಸುತ್ತದೆ.

ಗುರುವಾರ

ಮರ ಬಿದ್ದು ತಂತಿ ತುಂಡಾಗಿದೆ. ಕರೆಂಟಿಲ್ಲ, ಇನ್ವರ್ಟರನ್ನು ದೀಪಕ್ಕೆ ಉಳಿಸಿಕೊಂಡೆವು.

ಶುಕ್ರವಾರ

ಫ್ಲಕ್ಸ್ ಹಚ್ಚಿ, ಐರನ್ನಿನ ತುದಿಯಲ್ಲಿ ದೊಡ್ಡ ಹನಿ ಸೋಲ್ಡರ್ ಇಟ್ಟು, ಕೆಪಾಸಿಟರಿನ ಎರಡು ತುದಿಗೂ ಒಟ್ಟಿಗೇ ತಾಗಿಸಿದೆ. ಜಾರಿ ಬಂತು. ಮೀಟರ್ ಇಟ್ಟರೆ ಅಂಕೆ ಕಿಲೋ ಓಮಿಗೆ ಹೋಗಿ ನಿಧಾನಕ್ಕೆ ಏರತೊಡಗಿತು. ಶಾರ್ಟ್ ಹೋಯಿತು.

ಉಳಿದ ಮೂರರಲ್ಲೇ ಲ್ಯಾಪ್‌ಟಾಪ್ ಓಡಬಹುದಿತ್ತು. ಆದರೆ ಒಬ್ಬರ ಕೈಗೆ ವಾಪಸ್ ಕೊಡುವ ವಸ್ತು, ಇದ್ದ ಹಾಗೇ ಇರಲಿ ಅನಿಸಿತು. ಈ ಕೆಪಾಸಿಟರುಗಳ ಮೈಮೇಲೆ ಏನೂ ಬರೆದಿರುವುದಿಲ್ಲ. ಎಷ್ಟು ವೋಲ್ಟ್ ತಡೆಯುತ್ತದೆ ಅಂತ ಮೀಟರಿನಲ್ಲಿ ಅಳೆಯಲೂ ಆಗುವುದಿಲ್ಲ. 6 ವೋಲ್ಟಿನದನ್ನು 19 ವೋಲ್ಟಿಗೆ ಹಾಕಿದರೆ ಮತ್ತೆ ಇದೇ ಗತಿ. ಅದಕ್ಕೇ ಗುಜರಿ ಬೋರ್ಡಿನಲ್ಲೂ ಚಾರ್ಜರ್ ಜಾಕಿನ ಪಕ್ಕದಲ್ಲಿದ್ದದ್ದನ್ನೇ ತೆಗೆದೆ. ಅದು ಅಷ್ಟು ವರ್ಷ 19 ವೋಲ್ಟಿನಲ್ಲೇ ಇದ್ದದ್ದು. ಅಳತೆಯೂ ಕೂಡಿತು. ಕಿಲುಬನ್ನು ಬ್ರಷ್ಷಿನಲ್ಲಿ ಉಜ್ಜಿ ತೊಳೆದು, ಬೋರ್ಡನ್ನು ರಾತ್ರಿಯಿಡೀ ಬಲ್ಬಿನ ಪೆಟ್ಟಿಗೆಯಲ್ಲಿಟ್ಟೆ.

ಶನಿವಾರ

ಬ್ಯಾಟರಿ ಜೋಡಿಸದೆ ಬರೀ ಚಾರ್ಜರ್ ಹಾಕಿದೆ. ಲೈಟು ಆರಲಿಲ್ಲ. ಬೋರ್ಡಿನೊಳಗೆ ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಮೊದಲ ಮಾಸ್ಫೆಟ್ ದಾಟಿದ ಮೇಲೆ 19.4 ವೋಲ್ಟ್ ಇದೆ. ಬಟನ್ ಒತ್ತುವ ಮೊದಲೇ ಬರಬೇಕಾದ 5 ವೋಲ್ಟ್, 3.3 ವೋಲ್ಟ್ ಎರಡೂ ಬಂದಿವೆ. ಆಮೇಲೆ ಬ್ಯಾಟರಿ, ಎಸ್‌ಎಸ್‌ಡಿ, ಕಾಯಿನ್ ಸೆಲ್ ಜೋಡಿಸಿದೆ. ಬಟನ್ ಒತ್ತಲು ಅತ್ತಿಗೆಯನ್ನೇ ಕರೆದೆ. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ಅರ್ಧ ನಿಮಿಷ ಇಬ್ಬರೂ ಮಾತಾಡಲಿಲ್ಲ. ಆಮೇಲೆ ತಾರೀಖು ತಪ್ಪಿದೆ ಅನ್ನುವ ಸೂಚನೆ ಬಂತು. ಕಾಯಿನ್ ಸೆಲ್ ತೆಗೆದಿದ್ದೆನಲ್ಲ, ಅದಕ್ಕೆ. ಸರಿಮಾಡಿದ ಮೇಲೆ ವಿಂಡೋಸ್ ತೆರೆಯಿತು, ಬ್ಯಾಟರಿ ಚಾರ್ಜ್ ಆಗತೊಡಗಿತು.

ಮಧ್ಯಾಹ್ನದ ಹೊತ್ತಿಗೆ 62 ಪರ್ಸೆಂಟ್. ಅಷ್ಟು ಖಾಲಿಯಾಗಿದ್ದ ಬ್ಯಾಟರಿ ಇದು, ಮೊದಲ ಸಲ ಪೂರ್ತಿ ತುಂಬುವವರೆಗೆ ಪಕ್ಕದಲ್ಲೇ ಕೂತು ಆಗಾಗ ಮುಟ್ಟಿ ನೋಡಿದೆ. ಬಿಸಿಯಾಗಲಿಲ್ಲ. ಅತ್ತಿಗೆ ಅಲ್ಲೇ ಕೂತು ಏಪ್ರಿಲ್‌ನಿಂದ ಇಲ್ಲಿವರೆಗಿನ ಲೆಕ್ಕವನ್ನು ಪುಸ್ತಕಕ್ಕೂ ಇಳಿಸಿಕೊಂಡರು. ಲ್ಯಾಪ್‌ಟಾಪಿನ ಜಾಗ ಈಗ ಕಿಟಕಿಯ ಗೂಡಲ್ಲ, ಒಳಕೋಣೆಯ ಕಪಾಟು. ಎರಡು ಕೈಯಲ್ಲಿ ಎತ್ತಬೇಕು ಅಂತಲೂ ಹೇಳಿದ್ದೇನೆ.

ಜಾಕಿನ ಪಿನ್ನು ಸ್ವಲ್ಪ ಸಡಿಲ ಅನಿಸುತ್ತಿದೆ. ಮೀಟಿಂಗ್ ಮುಗಿದ ಮೇಲೆ, ಮುಂದಿನ ವಾರ ಅದನ್ನು ಬಿಚ್ಚಿ ನೋಡುತ್ತೇನೆ.